ಹ್ಮಾಂಗ್ ರೋಗಿಗಳಿಗೆ ಸಕ್ಕರೆ ಕಾಯಿಲೆಯ ಪಾಠ: ಅನ್ನದ ಬಟ್ಟಲು ಕಿತ್ತುಕೊಳ್ಳದೆ ಕಲಿಸುವುದು ಹೇಗೆ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಲ್ಲಿ ಕನ್ನಡದ ಡಾಕ್ಟರು, ನರ್ಸು, ಫಾರ್ಮಸಿಸ್ಟು, ಡಯಟೀಶಿಯನ್‌ಗಳು ಕೆಲಸ ಮಾಡುತ್ತಿದ್ದಾರೆ. ಸೇಂಟ್ ಪಾಲ್, ಮಿಲ್ವಾಕೀ, ಫ್ರೆಸ್ನೊ, ಮರ್ಸೆಡ್ ಕಡೆ ಕೆಲಸ ಸಿಕ್ಕಿದವರಿಗೆ ಸ್ವಲ್ಪ ದಿನದಲ್ಲೇ ಹ್ಮಾಂಗ್ ರೋಗಿಗಳು, ಅಂದರೆ ಲಾವೋಸಿನ ಬೆಟ್ಟಗಳಿಂದ ಯುದ್ಧದ ನಂತರ ಬಂದ ಜನ, ಎದುರಾಗುತ್ತಾರೆ. ಅವರಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರು ಬಹಳ. ಈ ಬರಹ ಅಂಥ ಕಡೆ ಕೂತು ಪಾಠ ಹೇಳಬೇಕಾದವರಿಗಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಪಾಠ ಹೇಳಬೇಕಾದ್ದು ಒಬ್ಬ ರೋಗಿಗೆ ಅಲ್ಲ, ಒಂದು ಮನೆಗೆ. ಕೈಗೆ ಕಾಗದ ಕೊಟ್ಟು ಕಳಿಸಿದರೆ ಆ ಕಾಗದ ಕಾರಿನ ಸೀಟಿನ ಕೆಳಗೆ ಹೋಗುತ್ತದೆ, ಅಷ್ಟೇ.

ಎದುರು ಕೂತವರು ಯಾರು

ಹ್ಮಾಂಗ್ ಜನ ಮೂಲದಲ್ಲಿ ದಕ್ಷಿಣ ಚೀನಾದವರು. ಅಲ್ಲಿಂದ ಲಾವೋಸ್, ವಿಯೆಟ್ನಾಂ, ಥಾಯ್ಲೆಂಡಿನ ಬೆಟ್ಟಗಳಿಗೆ ಬಂದರು. 1960ರ ದಶಕದಲ್ಲಿ ಲಾವೋಸಿನಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ನಡೆಸಿದ ಗುಟ್ಟಿನ ಯುದ್ಧದಲ್ಲಿ ಜನರಲ್ ವಾಂಗ್ ಪಾವ್ ಕೆಳಗೆ ಸಾವಿರಾರು ಹ್ಮಾಂಗ್ ಗಂಡಸರು, ಹುಡುಗರು ಕೂಡ, ಹೋರಾಡಿದರು. 1975ರಲ್ಲಿ ಅಮೆರಿಕ ಕೈಬಿಟ್ಟಿತು. ಉಳಿದವರಲ್ಲಿ ಅನೇಕರು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರ ಸೇರಿದರು, ಅಲ್ಲಿಂದ ಅಮೆರಿಕಕ್ಕೆ ಬಂದರು. ವಾಟ್ ಥಾಮ್ ಕ್ರಬೋಕ್ ಎಂಬ ಥಾಯ್ ಬೌದ್ಧ ಮಠದ ಬಳಿ ಇದ್ದ ಕೊನೆಯ ದೊಡ್ಡ ಗುಂಪು ಬಂದದ್ದು 2004ರ ಸುಮಾರಿಗೆ. ಈಗ ಅಮೆರಿಕದಲ್ಲಿ 3 ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ.

ಇದು ಇತಿಹಾಸದ ಪಾಠಕ್ಕಾಗಿ ಅಲ್ಲ. ನಿಮ್ಮೆದುರು ಕೂತಿರುವ 70 ವರ್ಷದ ಅಜ್ಜ ಬಹುಶಃ ಶಾಲೆಗೇ ಹೋಗಿಲ್ಲ. ಬೆಟ್ಟದಲ್ಲಿ ಭತ್ತ ಬೆಳೆದು, ಯುದ್ಧ ನೋಡಿ, ಮಕ್ಕಳನ್ನು ಕಳೆದುಕೊಂಡು ಬಂದವರಿರಬಹುದು. ಸರಿಯಾಗಿ ನಿದ್ದೆ ಬಾರದ, ಊಟ ಸೇರದ ಮನಸ್ಸಿಗೆ ಸಕ್ಕರೆಯ ಲೆಕ್ಕ ಹಿಡಿಸುವುದಿಲ್ಲ. ಹಾಗಾಗಿ ನಿದ್ದೆ, ದುಃಖ, ಕೆಟ್ಟ ಕನಸುಗಳ ಬಗ್ಗೆಯೂ ಕೇಳಿ. ಅದನ್ನು ಬಿಟ್ಟು ಶುರು ಮಾಡಿದರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ಕಡೆ, ಅದೇ ಮನೆಯ ಮೊಮ್ಮಗಳು ಅಮೆರಿಕದಲ್ಲೇ ಹುಟ್ಟಿ ನರ್ಸಿಂಗ್ ಓದುತ್ತಿರಬಹುದು. ಹಳೆಯ ಆಚರಣೆ ನಡೆಸುವ ಮನೆಗಳಿವೆ, ಕ್ರೈಸ್ತ ಮನೆಗಳೂ ತುಂಬಾ ಇವೆ. ಹೆಸರು ನೋಡಿ ನಂಬಿಕೆ ಊಹಿಸಬೇಡಿ. ಕೇಳಿ.

ನಮ್ಮವರಿಗೊಂದು ಬೇರೆ ಅಪಾಯವೂ ಇದೆ. "ನಾವೂ ಏಷ್ಯಾದವರೇ, ಅನ್ನ ತಿನ್ನುವವರೇ, ನಮಗೆ ಗೊತ್ತು" ಅನ್ನುವ ಧೈರ್ಯ. ಆಮೇಲೆ ಮೊಸರು, ಬೇಳೆ, ಚಪಾತಿ, ಓಟ್ಸ್ ಎಂದು ಪಟ್ಟಿ ಹೊರಡುತ್ತದೆ. ಹ್ಮಾಂಗ್ ಅಡುಗೆಮನೆಯಲ್ಲಿ ಹಾಲು, ಮೊಸರು ಇಲ್ಲವೆನ್ನುವಷ್ಟು ಕಡಿಮೆ. ತೊಗರಿಬೇಳೆಯನ್ನು ಯಾರೂ ಕೇಳಿಲ್ಲ.

ದುಭಾಷಿ ಬೇಕೇ ಬೇಕು

ಅಮೆರಿಕದ ಸರ್ಕಾರದ ಹಣ ಪಡೆಯುವ ಆಸ್ಪತ್ರೆ ರೋಗಿಗೆ ಭಾಷೆಯ ಸಹಾಯ ಕೊಡಲೇಬೇಕು, ಅದೂ ಉಚಿತವಾಗಿ. 1964ರ ನಾಗರಿಕ ಹಕ್ಕು ಕಾಯ್ದೆಯಿಂದಲೇ ಈ ಹೊಣೆ ಬಂದಿದೆ. ಆದರೂ ಅವಸರದಲ್ಲಿ ಮೊಮ್ಮಗನನ್ನೇ ಮಾತಾಡಿಸುವ ಅಭ್ಯಾಸ ಹೋಗಿಲ್ಲ. 12 ವರ್ಷದ ಹುಡುಗ ಅಜ್ಜಿಯ ಮೂತ್ರದ ತೊಂದರೆಯನ್ನು ಹೇಗೆ ಕೇಳಬೇಕು ಹೇಳಿ?

ದುಭಾಷಿಯನ್ನು ಕರೆಯುವಾಗ ಬಿಳಿ ಹ್ಮಾಂಗ್ ಮಾತೋ, ಹಸಿರು ಹ್ಮಾಂಗ್ ಮಾತೋ ಎಂದು ವಿಚಾರಿಸಿ. ಒಬ್ಬರಿಗೊಬ್ಬರಿಗೆ ಅರ್ಥವಾಗುತ್ತದೆ, ಆದರೂ ತಮ್ಮ ಮಾತಿನಲ್ಲೇ ಕೇಳಿದರೆ ಹಿರಿಯರು ಹಗುರಾಗುತ್ತಾರೆ. ಹೆಂಗಸರ ವಿಷಯಕ್ಕೆ ಹೆಣ್ಣು ದುಭಾಷಿ ಸಿಕ್ಕರೆ ಒಳ್ಳೆಯದು. ಒಳಗೆ ಹೋಗುವ ಮೊದಲು ದುಭಾಷಿಯ ಜೊತೆ ಎರಡು ನಿಮಿಷ ಕೂತು ಇವತ್ತು ಏನು ಹೇಳಬೇಕೆಂದಿದ್ದೀರಿ ಎಂದು ತಿಳಿಸಿ. ಪ್ಯಾಂಕ್ರಿಯಾಸ್, ಇನ್ಸುಲಿನ್ ರೆಸಿಸ್ಟೆನ್ಸ್, ಕಾರ್ಬೋಹೈಡ್ರೇಟ್ ಎನ್ನುವುದಕ್ಕೆಲ್ಲ ಅಲ್ಲಿ ಸಿದ್ಧ ಪದ ಇಲ್ಲ, ಬಿಡಿಸಿ ಹೇಳಬೇಕು. ನಿಮ್ಮ ಒಂದು ವಾಕ್ಯ ಅಲ್ಲಿ ಐದು ವಾಕ್ಯ ಆಗುತ್ತದೆ. ಆದ್ದರಿಂದ ದುಪ್ಪಟ್ಟು ಸಮಯ ಇಟ್ಟುಕೊಳ್ಳಿ.

ಹ್ಮಾಂಗ್ ಭಾಷೆಗೆ ರೋಮನ್ ಲಿಪಿಯಲ್ಲಿ ಬರೆಯುವ ಕ್ರಮ 1950ರ ದಶಕದ ಮೊದಲಲ್ಲಿ ಲಾವೋಸಿನಲ್ಲಿ ಮಿಷನರಿಗಳಿಂದ ಬಂತು. ಎಷ್ಟೋ ಹಿರಿಯರು ಅದನ್ನೂ ಓದುವುದಿಲ್ಲ. ಕರಪತ್ರ ಅನುವಾದ ಮಾಡಿಸಿ ಕೆಲಸ ಮುಗೀತು ಅಂದುಕೊಳ್ಳಬೇಡಿ. ಮಾತು, ಚಿತ್ರ, ವಿಡಿಯೊ, ಕೈಯಲ್ಲಿ ಹಿಡಿದು ತೋರಿಸುವ ವಸ್ತು, ಇವೇ ಪುಸ್ತಕ. ನಿಮ್ಮ ಮಾತಿನ ಸಾರವನ್ನು ದುಭಾಷಿಯ ದನಿಯಲ್ಲಿ ಅವರ ಫೋನಿಗೇ ರೆಕಾರ್ಡ್ ಮಾಡಿಕೊಡಿ. ಅದು ಮನೆಮಂದಿಗೆಲ್ಲ ತಲುಪುತ್ತದೆ.

ಕೋಣೆಯಲ್ಲಿ ಯಾರು ಇರಬೇಕು

ಮೊದಲು ಹಿರಿಯರಿಗೆ ನಮಸ್ಕಾರ. ದಿಟ್ಟಿಸಿ ನೋಡುತ್ತಾ ಮಾತಾಡಬೇಡಿ. ಕೇಳದೆ ತಲೆ ಮುಟ್ಟಬೇಡಿ, ಮಗುವಿನ ತಲೆಯನ್ನು ಪ್ರೀತಿಯಿಂದ ಸವರುವುದು ಕೂಡ ಬೇಡ. ಮಣಿಕಟ್ಟಿನಲ್ಲಿ ಬಿಳಿ ದಾರ ಕಟ್ಟಿದ್ದರೆ ಬಿಪಿ ನೋಡಲು ಅಡ್ಡ ಎಂದು ಕತ್ತರಿಸಬೇಡಿ. ಅದು ಆತ್ಮವನ್ನು ದೇಹದಲ್ಲಿ ನಿಲ್ಲಿಸಲು ಕಟ್ಟಿದ್ದು.

ಹ್ಮಾಂಗ್ ಸಮಾಜ ಕುಲಗಳ ಸಮಾಜ. ಅಮೆರಿಕದಲ್ಲಿ ಸಾಮಾನ್ಯವಾಗಿ 18 ಕುಲ ಎಂದು ಲೆಕ್ಕ: ವಾಂಗ್, ಯಾಂಗ್, ಶಿಯಾಂಗ್, ಲೀ, ತಾವ್, ಮುವಾ ಹೀಗೆ. ದೊಡ್ಡ ತೀರ್ಮಾನ ಒಬ್ಬರೇ ಮಾಡುವುದಿಲ್ಲ. ಗಂಡ, ದೊಡ್ಡ ಮಗ, ಕುಲದ ಹಿರಿಯ ಸೇರಿ ಮಾತಾಡುತ್ತಾರೆ. "ಇನ್ಸುಲಿನ್ ಇವತ್ತೇ ಶುರು ಮಾಡೋಣ, ಸಹಿ ಹಾಕಿ" ಎಂದರೆ ಉತ್ತರ ಸಿಗದೇ ಇರಬಹುದು. ಅದು ಹಟ ಅಲ್ಲ. "ಮನೆಯಲ್ಲಿ ಯಾರ ಜೊತೆ ಮಾತಾಡಬೇಕು? ಅವರನ್ನು ಮುಂದಿನ ಸಲ ಕರೆತರುತ್ತೀರಾ, ಇಲ್ಲಾ ಈಗಲೇ ಫೋನ್ ಮಾಡೋಣವಾ?" ಎಂದು ಕೇಳಿ.

ಆದರೆ ಅಡುಗೆ ಮಾಡುವವರು ಬೇರೆ ಇರುತ್ತಾರೆ, ಅಲ್ವಾ? ಬಹುತೇಕ ಸೊಸೆ ಅಥವಾ ಮಗಳು. ತೀರ್ಮಾನ ಮಾಡುವವರು, ಅಡುಗೆ ಮಾಡುವವರು, ಕಾರು ಓಡಿಸಿ ಕರೆತರುವವರು, ಈ ಮೂವರ ಹೆಸರು ರೋಗಿಯ ಒಪ್ಪಿಗೆ ಪಡೆದು ಫೈಲಿನ ಮೊದಲ ಪುಟದಲ್ಲೇ ಬರೆದಿಡಿ.

ಹೇಳುವ ಮೊದಲು ಕೇಳಿ

"ನಿಮಗೆ ಈ ಕಾಯಿಲೆ ಯಾಕೆ ಬಂತು ಅನ್ನಿಸುತ್ತದೆ?" "ಇದರಲ್ಲಿ ನಿಮಗೆ ಯಾವುದರ ಭಯ?" "ಇದಕ್ಕೆ ಈವರೆಗೆ ಏನೇನು ಮಾಡಿದಿರಿ?" ಈ ಮೂರು ಪ್ರಶ್ನೆ ಮೊದಲು.

ಹಿರಿಯರಿಂದ ಮತ್ತೆ ಮತ್ತೆ ಬರುವ ಉತ್ತರ ಹೀಗಿರುತ್ತದೆ: "ಲಾವೋಸಿನಲ್ಲಿ ಬೆಟ್ಟ ಹತ್ತುತ್ತಿದ್ದೆವು, ಬೆವರುತ್ತಿದ್ದೆವು. ಇಲ್ಲಿ ಬೆವರೇ ಬರುವುದಿಲ್ಲ. ಇಲ್ಲಿನ ಮಾಂಸ, ತರಕಾರಿಗೆಲ್ಲ ಕೆಮಿಕಲ್. ಮನಸ್ಸಿಗೂ ನೆಮ್ಮದಿ ಇಲ್ಲ." ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ನಷ್ಟ ನಿಮಗೇ. ಮೈಗೆ ಕೆಲಸ ಇಲ್ಲದ್ದು, ಪ್ಯಾಕೆಟ್ ತಿಂಡಿ, ಮನಸ್ಸಿನ ಒತ್ತಡ, ಇವು ಸಕ್ಕರೆ ಏರಿಸುತ್ತವೆ ಎಂದು ನಿಮ್ಮ ಪುಸ್ತಕವೂ ಹೇಳುತ್ತದೆ. ಅವರು ಅರ್ಧ ಪಾಠ ತಾವೇ ಹೇಳಿಬಿಟ್ಟರು!

ಅಲ್ಲಿಂದಲೇ ಹಿಡಿಯಿರಿ. "ಹೌದು, ಮೈ ಬೆವರಬೇಕು. ಇಲ್ಲಿ ಹೇಗೆ ಬೆವರಬಹುದು?" ಬೇಸಿಗೆಯಲ್ಲಿ ಉತ್ತರ ಸುಲಭ. ಹ್ಮಾಂಗ್ ಹಿರಿಯರಿಗೆ ತೋಟ ಎಂದರೆ ಪ್ರಾಣ. ಸೇಂಟ್ ಪಾಲ್ ರೈತರ ಸಂತೆಯಲ್ಲಿ ಸೊಪ್ಪು ತರಕಾರಿ ಮಾರುವವರಲ್ಲಿ ಎಷ್ಟೊಂದು ಜನ ಅವರೇ. ಮಿನ್ನೆಸೋಟದ ಚಳಿಗಾಲದಲ್ಲಿ ಮಾಲ್ ಒಳಗೆ ನಡೆಯುವುದು, ಊಟ ಆದ ಮೇಲೆ ಮನೆಯೊಳಗೇ ಹತ್ತು ನಿಮಿಷ ಓಡಾಡುವುದು. "ವ್ಯಾಯಾಮ ಮಾಡಿ" ಎಂದರೆ ಅಜ್ಜಿಗೆ ನಗು ಬರುತ್ತದೆ. "ತೋಟದ ಕೆಲಸ ಇವತ್ತು ಎಷ್ಟಾಯಿತು?" ಎಂದರೆ ಮಾತು ಬೆಳೆಯುತ್ತದೆ.

ರಕ್ತ ತೆಗೆಯುವ ಮಾತು

ದೇಹದಲ್ಲಿ ರಕ್ತ ಇಷ್ಟೇ ಇರುವುದು, ತೆಗೆದರೆ ಮತ್ತೆ ತುಂಬುವುದಿಲ್ಲ, ಮೈ ಸೋಲುತ್ತದೆ ಎಂದು ಎಷ್ಟೋ ಹಿರಿಯರು ನಂಬುತ್ತಾರೆ. ಹಾಗಿರುವಾಗ ಒಂದೇ ಸಲ ಐದು ಟ್ಯೂಬ್ ತೆಗೆದರೆ ಅವರು ಮುಂದಿನ ಸಲ ಬರುವುದಿಲ್ಲ.

ನಾನಾದರೆ ಹೀಗೆ ಹೇಳುತ್ತೇನೆ: "ಮೂಳೆಯೊಳಗೆ ದಿನವೂ ಹೊಸ ರಕ್ತ ಹುಟ್ಟುತ್ತದೆ. ಒಂದು ಕೆಂಪು ಕಣ ಸುಮಾರು 120 ದಿನ ಬದುಕಿ ಹೋಗುತ್ತದೆ, ಆ ಜಾಗಕ್ಕೆ ಹೊಸದು ಬರುತ್ತದೆ. ಬದುಕಿರುವಷ್ಟು ದಿನ ಅದು ಸಕ್ಕರೆಯನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಅದನ್ನೇ ನಾವು ಮೂರು ತಿಂಗಳಿಗೊಮ್ಮೆ ನೋಡುವುದು." ಎಚ್‌ಬಿಎ1ಸಿ ಪರೀಕ್ಷೆ ಏನು ಅನ್ನುವುದೂ ಇದರಲ್ಲೇ ಬಂತು, ರಕ್ತ ಮತ್ತೆ ಹುಟ್ಟುತ್ತದೆ ಅನ್ನುವುದೂ ಬಂತು. ಖಾಲಿ ಟ್ಯೂಬನ್ನು ತೋರಿಸಿ, ಒಂದು ಟ್ಯೂಬಿಗೆ ಹಿಡಿಸುವುದು ಸಾಮಾನ್ಯವಾಗಿ ಒಂದು ಟೀ ಚಮಚದ ಆಸುಪಾಸು ಎಂದು ಚಮಚವನ್ನೂ ತೋರಿಸಿ. ಬೆರಳು ಚುಚ್ಚಿ ಎಚ್‌ಬಿಎ1ಸಿ ನೋಡುವ ಯಂತ್ರ ಇದ್ದರೆ ಅದನ್ನೇ ಬಳಸಿ. ಬೇಡದ ಪರೀಕ್ಷೆ ಬಿಡಿ. ಬೇಕಾದವನ್ನು ಒಂದೇ ದಿನಕ್ಕೆ ಸೇರಿಸಬೇಕೋ ಬಿಡಿಬಿಡಿ ಮಾಡಬೇಕೋ ಎಂದು ಅವರನ್ನೇ ಕೇಳಿ.

ಪರೀಕ್ಷೆ ಯಾರಿಗೆ ಎನ್ನುವಲ್ಲಿ ಒಂದು ಅಂಕಿ ನೆನಪಿಡಿ. ಏಷ್ಯಾ ಮೂಲದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಂಕಿ) 25ರ ತನಕ ಕಾಯಬಾರದು, 23ಕ್ಕೇ ಎಚ್ಚರ ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುತ್ತದೆ. ಇದು ನಮಗೂ ಸೇರಿ.

ಅನ್ನದ ಮಾತು

ಪಾಠ ಕೆಡುವುದು ಹೆಚ್ಚಾಗಿ ಇಲ್ಲೇ. "ಅನ್ನ ಬಿಡಿ" ಎಂದು ಹೇಳಿದ ದಿನ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಹ್ಮಾಂಗ್ ಮನೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅನ್ನ. ಅತಿಥಿ ಬಂದರೆ ಅನ್ನ, ಪೂರ್ವಜರಿಗೆ ಎಡೆ ಇಡುವುದೂ ಅನ್ನ. ಅನ್ನ ಸಿಹಿಯಾಗಿಲ್ಲವಲ್ಲ, ಅದರಿಂದ ಸಕ್ಕರೆ ಹೇಗೆ ಏರುತ್ತದೆ ಎನ್ನುವುದು ಅವರ ನ್ಯಾಯವಾದ ಪ್ರಶ್ನೆ. ಉತ್ತರವನ್ನು ಬಾಯಲ್ಲಿ ಹೇಳುವುದಕ್ಕಿಂತ ಗ್ಲೂಕೋಮೀಟರಿನಲ್ಲಿ ತೋರಿಸಿ. ಊಟಕ್ಕೆ ಮೊದಲು ಒಮ್ಮೆ, ಎರಡು ಗಂಟೆ ಆದ ಮೇಲೆ ಒಮ್ಮೆ ಅವರೇ ನೋಡಿಕೊಳ್ಳಲಿ. ಒಂದು ದಿನ ಎಂದಿನಷ್ಟು ಅನ್ನ, ಇನ್ನೊಂದು ದಿನ ಅದರ ಅರ್ಧ. ಎರಡು ಅಂಕಿ ಪಕ್ಕಪಕ್ಕ ಬಂದರೆ ಬೇರೆ ಉಪದೇಶ ಬೇಕಿಲ್ಲ.

ಮಾತಾಡುವಾಗ ಗ್ರಾಂ ಬೇಡ. ಮನೆಯ ಬಟ್ಟಲನ್ನೇ ತರಲು ಹೇಳಿ. ಅಮೆರಿಕದ ಒಂದು ಅಳತೆ ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ, ಮನೆಯ ಬಟ್ಟಲಿಗೆ ಅಂಥ ಎರಡು ಕಪ್ ಹಿಡಿಸಿದರೂ ಆಶ್ಚರ್ಯ ಇಲ್ಲ. ಆ ಬಟ್ಟಲಿನ ಒಳಗೆ ಬೆರಳಿಟ್ಟು "ಇಲ್ಲಿಯ ತನಕ" ಎಂದು ಅವರೊಡನೆ ಸೇರಿ ಗುರುತು ಮಾಡಿ. ಈಗ ತಿನ್ನುವುದರಲ್ಲಿ ಕಾಲು ಭಾಗ ಕಡಿಮೆ ಮಾಡಿದರೂ ಸಾಕು, ಮೊದಲ ತಿಂಗಳಿಗೆ ಅಷ್ಟೇ. ಸ್ಟಿಕಿ ರೈಸ್ ಎನ್ನುವ ಅಂಟು ಅಕ್ಕಿಯ ಅನ್ನ ಒತ್ತಾಗಿರುತ್ತದೆ, ಅದೇ ಗಾತ್ರದ ಮುದ್ದೆಯಲ್ಲಿ ಜಾಸ್ತಿ ಅನ್ನ ಸೇರಿರುತ್ತದೆ. ಅದನ್ನು ಮುಷ್ಟಿಯಿಂದ ಅಳೆಯಿರಿ.

ಕಡಿಮೆಯಾದ ಅನ್ನದ ಜಾಗಕ್ಕೆ ಏನು? ಅವರ ಅಡುಗೆಯಲ್ಲೇ ಉತ್ತರ ಇದೆ, ಹೊರಗಿಂದ ಏನೂ ತರಬೇಕಿಲ್ಲ. ಸಾಸಿವೆ ಸೊಪ್ಪು ಹಾಕಿದ ಕೋಳಿ ಸಾರು, ಉಪ್ಪಿಲ್ಲದೆ ಬೇಯಿಸಿ ಕಟ್ಟಿನ ಸಮೇತ ಕುಡಿಯುವ ಸೊಪ್ಪು, ಎಳೆ ಬಿದಿರಿನ ಕಳಲೆ, ಕುಂಬಳದ ಕುಡಿ, ಹಾಗಲ, ಹಸಿಮೆಣಸಿನ ಚಟ್ನಿ, ಬೇಯಿಸಿದ ಮೀನು, ತೋಫು, ಮೊಟ್ಟೆ. ಮೊದಲು ಸೊಪ್ಪು ಮತ್ತು ಸಾರು, ಆಮೇಲೆ ಅನ್ನ ಎನ್ನುವ ಕ್ರಮ ಹೊಟ್ಟೆಯನ್ನೂ ತುಂಬಿಸುತ್ತದೆ. ನಿಜ ಹೇಳಬೇಕೆಂದರೆ ಹಳ್ಳಿಯ ಹ್ಮಾಂಗ್ ಊಟ ಅನೇಕ ಡಯಟ್ ಚಾರ್ಟ್‌ಗಳಿಗಿಂತ ಚೆನ್ನಾಗಿದೆ. ಕೆಟ್ಟದ್ದು ಅದರ ಪಕ್ಕಕ್ಕೆ ಬಂದು ಕೂತದ್ದು.

ಆ ಪಕ್ಕಕ್ಕೆ ಬಂದವು ಯಾವುವು ಎಂದು ಹೆಸರಿಸಿ. 355 ಎಂಎಲ್‌ನ ಒಂದು ಕ್ಯಾನ್ ಕೋಲಾದಲ್ಲಿ 39 ಗ್ರಾಂ ಸಕ್ಕರೆ ಇದೆ, ಸುಮಾರು ಹತ್ತು ಟೀ ಚಮಚ. ಸಕ್ಕರೆಯನ್ನು ಚಮಚದಲ್ಲಿ ಎಣಿಸಿ ಲೋಟಕ್ಕೆ ಸುರಿದು ತೋರಿಸಿ. ತೆಂಗಿನಹಾಲು, ಸಬ್ಬಕ್ಕಿ ಮುತ್ತು ಹಾಕಿದ "ನಾ ವಾ" ಎನ್ನುವ ಸಿಹಿ ಹಬ್ಬಕ್ಕೆ ಇರಲಿ, ಚಿಕ್ಕ ಲೋಟದಲ್ಲಿ. ಫೋ ನೂಡಲ್ಸ್ ಸಾರು ತಿಂದ ಹೊತ್ತಿಗೆ ಬೇರೆ ಅನ್ನ ಬೇಡ. ತೋಟದ ಹಣ್ಣು ಒಳ್ಳೆಯದೇ ಎಂದು ಒಂದೇ ಸಲ ನಾಲ್ಕು ಮಾವಿನ ಹಣ್ಣು ಮುಗಿಸುವವರಿದ್ದಾರೆ. ಇದು ನಮ್ಮ ಕಡೆಯೂ ಉಂಟು ಬಿಡಿ.

ಇನ್ನೊಂದು ಎಚ್ಚರಿಕೆ. ಹ್ಮಾಂಗ್ ಜನರಲ್ಲಿ ಗೌಟ್ (ಯೂರಿಕ್ ಆಸಿಡ್ ಹೆಚ್ಚಿ ಕೀಲು ಊದುವ ಕಾಯಿಲೆ) ಜಾಸ್ತಿ. "ಅನ್ನ ಕಡಿಮೆ ಮಾಡಿ, ಮಾಂಸ ತಿನ್ನಿ" ಎಂದು ಬೀಸಾಗಿ ಹೇಳಿದರೆ ಹಂದಿ ಮಾಂಸ, ಕರುಳು, ಲಿವರ್ ಹೆಚ್ಚಾಗಿ ಹೆಬ್ಬೆರಳು ಊದಿಕೊಂಡು ಬರುತ್ತಾರೆ. ಯೂರಿಕ್ ಆಸಿಡ್, ಕಿಡ್ನಿ ಎರಡನ್ನೂ ನೋಡಿ ಆಮೇಲೆ ಮಾಂಸದ ಮಾತು.

ಹೆದರಿಸಬೇಡಿ

"ಹೀಗೇ ಇದ್ದರೆ ಕಣ್ಣು ಹೋಗುತ್ತದೆ, ಕಾಲು ಕತ್ತರಿಸಬೇಕಾಗುತ್ತದೆ." ನಮ್ಮ ಡಾಕ್ಟರುಗಳ ಬಾಯಿಗೆ ಬೇಗ ಬರುವ ಮಾತು. ಅನೇಕ ಹ್ಮಾಂಗ್ ಹಿರಿಯರಿಗೆ ಅದು ಎಚ್ಚರಿಕೆಯಾಗಿ ಅಲ್ಲ, ಶಾಪವಾಗಿ ಕೇಳುತ್ತದೆ. ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ಅದು ಬರುತ್ತದೆ ಎಂಬ ಭಯ. ಅಂಗ ಕಳೆದುಕೊಂಡು ಸತ್ತರೆ ಮುಂದಿನ ಜನ್ಮಕ್ಕೂ ಅದು ತಟ್ಟುತ್ತದೆ ಎಂಬ ಚಿಂತೆಯೂ ಹಲವರಿಗೆ ಇರುತ್ತದೆ.

ಅದೇ ವಿಷಯವನ್ನು ಬೇರೆಯವರ ಮೇಲೆ ಇಟ್ಟು ಹೇಳಿ: "ಸಕ್ಕರೆ ಬಹಳ ವರ್ಷ ಹೆಚ್ಚಿದ್ದ ಕೆಲವರಿಗೆ ಕಣ್ಣು ಮಂಜಾದದ್ದು ಉಂಟು. ನಿಮಗೆ ಹಾಗಾಗದಿರಲಿ ಎಂದು ವರ್ಷಕ್ಕೊಮ್ಮೆ ಕಣ್ಣು ನೋಡೋಣ." ಆಮೇಲೆ ಚಪ್ಪಲಿ ಬಿಚ್ಚಿಸಿ ಪಾದ ನೋಡಿ. ಮನೆಯೊಳಗೆ ಬರಿಗಾಲು, ತೋಟದಲ್ಲಿ ರಬ್ಬರ್ ಚಪ್ಪಲಿ. ಸ್ಪರ್ಶ ಕಡಿಮೆಯಾದ ಪಾದಕ್ಕೆ ಇದು ಸಾಲದು. ಪ್ರತಿ ರಾತ್ರಿ ಪಾದ ನೋಡುವ ಕೆಲಸವನ್ನು ಮೊಮ್ಮಕ್ಕಳಿಗೆ ಕೊಟ್ಟರೆ ಇಬ್ಬರಿಗೂ ಖುಷಿ.

ಔಷಧಿ, ಬೇರು, ಶಾಮನ್

ಹಳೆಯ ಪದ್ಧತಿಯ ಮನೆಗಳಲ್ಲಿ ಕಾಯಿಲೆಗೆ ಒಂದು ಕಾರಣ ಆತ್ಮ ದಾರಿ ತಪ್ಪುವುದು. ಅದಕ್ಕೆ "ಟ್ಸಿ ನೆಂಗ್" ಎನ್ನುವ ಶಾಮನ್, ಅಂದರೆ ಆತ್ಮಗಳ ಜೊತೆ ಮಾತಾಡುವ ಪೂಜಾರಿ, ಬಂದು ಪೂಜೆ ನಡೆಸುತ್ತಾರೆ, "ಹೂ ಪ್ಲಿ" ಎಂದು ಆತ್ಮವನ್ನು ಮನೆಗೆ ಕರೆಯುತ್ತಾರೆ. ಇದು ಮಾತ್ರೆಗೆ ಅಡ್ಡ ಬರುವುದಿಲ್ಲ. ಮರ್ಸೆಡ್‌ನ ಒಂದು ಆಸ್ಪತ್ರೆ 2009ರ ಹೊತ್ತಿಗೇ ಶಾಮನ್‌ಗಳು ಒಳಗೆ ಬಂದು ಕೆಲವು ಆಚರಣೆ ಮಾಡಲು ನಿಯಮ ಮಾಡಿಕೊಟ್ಟಿತು. ನೀವೂ "ಪೂಜೆ ಆಯಿತಾ? ಯಾವಾಗ?" ಎಂದು ಸಹಜವಾಗಿ ಕೇಳಬಹುದು. ಎರಡೂ ನಡೆಯಲಿ ಎಂದರೆ ಮಾತ್ರೆ ಮುಚ್ಚಿಡುವುದೂ ಇಲ್ಲ, ಪೂಜೆ ಮುಚ್ಚಿಡುವುದೂ ಇಲ್ಲ.

ಗಿಡಮೂಲಿಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಬಿಗಿ ಬೇಕು. ತೋಟದ ಸೊಪ್ಪಿನ ಕಷಾಯ ಒಂದು, ಹೆಸರಿಲ್ಲದ ಪ್ಯಾಕೆಟಿನಲ್ಲಿ ಬಂದ ಗುಳಿಗೆ ಇನ್ನೊಂದು. ಸಕ್ಕರೆಗೆ ಮೂಲಿಕೆ ಎಂದು ಮಾರುವ ಕೆಲವು ಗುಳಿಗೆಯೊಳಗೆ ಹೇಳದೆ ಇಂಗ್ಲಿಷ್ ಔಷಧಿ ಬೆರೆಸಿರುತ್ತಾರೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ನೋವಿನ ಗುಳಿಗೆಯಲ್ಲಿ ಸ್ಟೀರಾಯ್ಡ್ ಇದ್ದರಂತೂ ಸಕ್ಕರೆ ಗಗನಕ್ಕೆ. "ಮನೆಯಲ್ಲಿರುವ ಎಲ್ಲಾ ಔಷಧಿ ಒಂದು ಚೀಲದಲ್ಲಿ ತನ್ನಿ, ಯಾವುದನ್ನೂ ಎಸೆಯುವುದಿಲ್ಲ" ಎಂದು ಮಾತು ಕೊಟ್ಟು ತರಿಸಿ. ಹಾಗೆಯೇ, ಆರಾಮಾದ ಕೂಡಲೇ ಮಾತ್ರೆ ನಿಲ್ಲಿಸುವುದು, ನೆಂಟರಿಗೆ ಹಂಚುವುದು ಇದೆಯಾ ಎಂದು ಬಯ್ಯದೆ ವಿಚಾರಿಸಿ.

ಇನ್ಸುಲಿನ್ ಎಂದರೆ ಕೊನೆಯ ಘಟ್ಟ, ಅದು ಶುರುವಾದ ಮೇಲೆಯೇ ಫಲಾನೆಯವರ ಕಣ್ಣು ಹೋಯಿತು ಎಂಬ ಮಾತು ಎಲ್ಲೆಡೆ ಇದೆ. ತಡವಾಗಿ ಶುರು ಮಾಡಿದ್ದರಿಂದ ಹಾಗಾಯಿತು ಎಂದು ನೀವು ಹೇಳುವುದಕ್ಕಿಂತ, ಇನ್ಸುಲಿನ್ ತೆಗೆದುಕೊಂಡು ಚೆನ್ನಾಗಿರುವ ಒಬ್ಬ ಹ್ಮಾಂಗ್ ಅಜ್ಜಿ ಗುಂಪಿನ ಪಾಠದಲ್ಲಿ ಹೇಳಿದರೆ ತೂಕ ಬೇರೆ. ಅಂಥವರನ್ನು ಹುಡುಕಿ, ಬಾಯಿ ತುಂಬಾ ಕರೆಯಿರಿ.

ಹಬ್ಬ, ಮದುವೆ, ಸಾವು, ಬಾಣಂತನ

ಹ್ಮಾಂಗ್ ಸಾಂಪ್ರದಾಯಿಕ ಅಂತ್ಯಕ್ರಿಯೆ ಮೂರು ನಾಲ್ಕು ದಿನ ಹಗಲು ರಾತ್ರಿ ನಡೆಯುತ್ತದೆ. ನಿದ್ದೆ ಇಲ್ಲ, ಊಟದ ಹೊತ್ತು ಹೇಳಲಾಗುವುದಿಲ್ಲ. ಗ್ಲಿಪಿಜೈಡ್, ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅಲ್ಲೇ ಸಕ್ಕರೆ ಕುಸಿಯುವ ಅಪಾಯ. ಮದುವೆಯಲ್ಲಿ ಮದ್ಯದ ಲೋಟಗಳು ಸುತ್ತು ಬರುತ್ತವೆ, ಬೇಡ ಎನ್ನುವುದು ಕಷ್ಟ. ಆದ್ದರಿಂದ "ಊಟ ತಪ್ಪಿದರೆ ಯಾವ ಮಾತ್ರೆ ಬಿಡಬೇಕು" ಎಂಬುದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿ ಚಿತ್ರದಲ್ಲಿ ಬರೆದುಕೊಡಿ. ಮೈ ನಡುಗಿ, ಬೆವರಿ, ಸಕ್ಕರೆ 70ಕ್ಕಿಂತ ಇಳಿದರೆ ಅರ್ಧ ಕಪ್ ಜ್ಯೂಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇಲ್ಲಿ ಒಂದು ಬಿಡಿಸಿ ಹೇಳಿ: ಈ ಬೆವರು ಒಳ್ಳೆಯ ಬೆವರಲ್ಲ.

ಹೆರಿಗೆಯಾದ ಮೇಲೆ 30 ದಿನ ಮೂಲಿಕೆ ಹಾಕಿ ಬೇಯಿಸಿದ ಕೋಳಿ, ಬಿಸಿ ಅನ್ನ, ಬಿಸಿನೀರು. ತಣ್ಣಗಿನದು ಏನೂ ಬೇಡ. ನಮ್ಮ ಬಾಣಂತನ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬಸುರಿನಲ್ಲಿ ಸಕ್ಕರೆ ಬಂದವರಿಗೆ ಹೆರಿಗೆಯಾದ 4ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಬೇಕು. ಹಾಗಾದರೆ 30 ದಿನ ಮುಗಿದ ಮೇಲೇ ದಿನ ಗೊತ್ತು ಮಾಡಿ, ಯಾರಿಗೂ ನಷ್ಟ ಇಲ್ಲ. ಆ ಗ್ಲೂಕೋಸ್ ನೀರನ್ನು ಫ್ರಿಜ್‌ನಿಂದ ತೆಗೆದು ಕೊಡಬೇಡಿ.

ತಲೆಯಾಡಿಸಿದ್ದು ಒಪ್ಪಿಗೆ ಅಲ್ಲ

"ಅರ್ಥವಾಯಿತಾ?" ಎಂದರೆ "ಹ್ಞೂಂ" ಎನ್ನುತ್ತಾರೆ. ಅದು ನಿಮಗೆ ಕೊಟ್ಟ ಮರ್ಯಾದೆ. "ಮನೆಗೆ ಹೋಗಿ ಮಗಳಿಗೆ ಹೇಗೆ ಹೇಳುತ್ತೀರಿ, ನನಗೆ ಒಮ್ಮೆ ಹೇಳಿ ತೋರಿಸಿ. ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು" ಎನ್ನಿ. ಇನ್ಸುಲಿನ್ ಪೆನ್ ಆದರೆ ಕೈಯಲ್ಲಿ ಮಾಡಿಯೇ ತೋರಿಸಲಿ.

ಒಂದು ಭೇಟಿಗೆ ಒಂದೇ ವಿಷಯ. ಮೊದಲ ಸಲ ಅನ್ನದ ಗುರುತು, ಎರಡನೆಯ ಸಲ ಕೋಲಾ, ಮೂರನೆಯ ಸಲ ಪಾದ. ವಾರದೊಳಗೆ ದುಭಾಷಿಯಿಂದ ಒಂದು ಫೋನ್ ಹೋಗಲಿ. ಮುಂದಿನ ತಾರೀಕು ಕೊಡುವಾಗ ರೋಗಿಯನ್ನು ಕೇಳಿ ಸುಮ್ನೆ ಬರೆದುಕೊಳ್ಳಬೇಡಿ. ಕಾರು ಓಡಿಸುವ ಮಗನ ಕಾರ್ಖಾನೆ ಶಿಫ್ಟ್ ಯಾವ ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಿ, ಅದಾದ ಮೇಲಿನ ಗಂಟೆ ಬರೆಯಿರಿ.